ಮೂರು ಕೂಗಿನ ನಡುವೆ: ಮನೆ ಸ್ಟುಡಿಯೋ ಕೈಪಿಡಿ

ಬಳಸುವ ಮುನ್ನ ಓದಿರಿ

ನಾನು ಕೊಂಡ ಮೈಕಿನ ಪೆಟ್ಟಿಗೆಯಲ್ಲಿ ಮೈಕಿಗಿಂತ ದಪ್ಪನಾದ ಕೈಪಿಡಿಯೊಂದಿತ್ತು. ಜರ್ಮನ್ ಇತ್ತು, ಪೋರ್ಚುಗೀಸ್ ಇತ್ತು, ಚೀನಿ, ಜಪಾನಿ, ಪೋಲಿಷ್ ಎಲ್ಲ ಇತ್ತು. ಕನ್ನಡ ಇರಲಿಲ್ಲ. ಇಂಗ್ಲಿಷಿನ ಪುಟಗಳಲ್ಲಿ ನೀರಿನ ಹತ್ತಿರ ಇಡಬೇಡಿ, ಗುಡುಗು ಸಿಡಿಲು ಬಂದರೆ ಪ್ಲಗ್ ಕಳಚಿ, ಒಣಬಟ್ಟೆಯಲ್ಲಿ ಒರೆಸಿ ಎಂಬ ಹಿತವಚನಗಳಿದ್ದವು. ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು ಎಂಬುದು ಎಲ್ಲೂ ಇರಲಿಲ್ಲ. ಕೊಂಡಾದ ಮೇಲೆ ಸಿಗುವ ಪುಸ್ತಕದಲ್ಲಿ ಅದು ಇರುವುದಾದರೂ ಹೇಗೆ? ಆ ಎರಡೂ ಕೊರತೆ ತುಂಬಲು ಈ ಕೈಪಿಡಿ. ಇದು ಕನ್ನಡದಲ್ಲಿದೆ, ಏನನ್ನೂ ಕೊಳ್ಳುವ ಮೊದಲೇ ಓದಬಹುದು.

ಇದು ಯಾರಿಗೆಂದರೆ, ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದು, ಬಚ್ಚಲಲ್ಲಿ ತಾನು ಹಾಡುವುದು ಪರವಾಗಿಲ್ಲ ಎಂಬ ಗುಮಾನಿ ಇರುವವರಿಗೆ. ಅಥವಾ ನನ್ನ ಹಾಗೆ, ತನಗೆ ಹಾಡಲು ಬರದಿದ್ದರೂ ಹಾಡುವವರೊಬ್ಬರು ಮನೆಯಲ್ಲಿ ಸಿಕ್ಕಿಬಿದ್ದಿರುವವರಿಗೆ. ನನ್ನ ದೊಡ್ಡಮ್ಮನಿಗೆ 78 ವರ್ಷ. ಹೊಳೆನರಸೀಪುರದ ಕಡೆಯವರು. ಉರುಟಣೆ ಹಾಡು, ಆರತಿ ಹಾಡು, ಬೀಗರನ್ನು ಬೈಯುವ ಹಾಡು ಎಲ್ಲ ಸೇರಿ ನೂರಕ್ಕೆ ಮೇಲೆ ಬರುತ್ತವೆ. ಒಂದನ್ನೂ ಎಲ್ಲೂ ಬರೆದಿಟ್ಟಿಲ್ಲ. ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದು ನಮ್ಮಲ್ಲಿ ಎರಡು ತಿಂಗಳು ಇರುವವರಿದ್ದರು. ಅಷ್ಟರಲ್ಲಿ ರೆಕಾರ್ಡ್ ಮಾಡಿಬಿಡೋಣ, ಅದಕ್ಕೇನು, ಒಂದು ಮೈಕು ಸಾಕು ಅಂದುಕೊಂಡೆ. "ಒಂದು ಮೈಕು ಸಾಕು" ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಹೆಂಡತಿ ಇಟ್ಟುಕೊಂಡಿದ್ದಾಳೆ.

ಹೆಜ್ಜೆ 1: ಬಜೆಟ್ ನಿಗದಿ ಮಾಡಿ

ಬಜೆಟ್ಟಿನಲ್ಲಿ ಎರಡು ಬಗೆ: ಮನೆಯಲ್ಲಿ ಹೇಳುವುದು, ಅಂಗಡಿಯಲ್ಲಿ ಹೇಳುವುದು. ಮನೆಯಲ್ಲಿ ನಾನು ಹೇಳಿದ್ದು ಐದು ಸಾವಿರ. ನನ್ನ ಹೆಂಡತಿ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸದವಳು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇಪ್ಪತ್ತು ಅಂತ ಬರ್ಕೊಳ್ತೀನಿ ರೀ" ಅಂದಳು. ಅವಳ ಅಂದಾಜು ತಪ್ಪಿದ್ದು ಆ ಬ್ರಾಂಚಿನಲ್ಲಿ ಯಾರೂ ಕಂಡಿಲ್ಲವಂತೆ. ನಾನು ಮೂರು ಸಾವಿರದಷ್ಟು ತಪ್ಪಿಸಿದೆ.

ಇದಕ್ಕೆ ಕಾರಣವಿದೆ. ಮೈಕು ಒಂಟಿಯಾಗಿ ಬರುವುದಿಲ್ಲ, ದಿಬ್ಬಣ ಕಟ್ಟಿಕೊಂಡು ಬರುತ್ತದೆ. ಮೈಕಿಗೆ ಸ್ಟ್ಯಾಂಡು, ಸ್ಟ್ಯಾಂಡಿಗೆ ಕ್ಲಿಪ್ಪು, ಉಸಿರಿಗೆ ಅಡ್ಡವಾಗಿ ಪಾಪ್ ಫಿಲ್ಟರು, ದನಿಯನ್ನು ಕಂಪ್ಯೂಟರಿಗೆ ದಾಟಿಸಲು ಇಂಟರ್‌ಫೇಸು, ಇವುಗಳ ನಡುವೆ ಎಕ್ಸ್‌ಎಲ್‌ಆರ್ ಕೇಬಲ್ಲು. ಸಾಮಾನ್ಯವಾಗಿ ಈ ಕೇಬಲ್ಲು ಮೈಕಿನ ಪೆಟ್ಟಿಗೆಯಲ್ಲೂ ಇರುವುದಿಲ್ಲ, ಇಂಟರ್‌ಫೇಸಿನ ಪೆಟ್ಟಿಗೆಯಲ್ಲೂ ಇರುವುದಿಲ್ಲ. ಗಂಡಿನ ಕಡೆಯವರು ತರುತ್ತಾರೆಂದು ಹೆಣ್ಣಿನ ಕಡೆಯವರು, ಹೆಣ್ಣಿನ ಕಡೆಯವರು ತರುತ್ತಾರೆಂದು ಗಂಡಿನ ಕಡೆಯವರು. ಮುಹೂರ್ತದ ಹೊತ್ತಿಗೆ ನೋಡಿದರೆ ತಾಳಿಯೇ ಇಲ್ಲ.

ಒಂದು ಕಾಲಕ್ಕೆ ಕನ್ನಡ ಸಿನಿಮಾ ಹಾಡು ಧ್ವನಿಮುದ್ರಣವಾಗಬೇಕಾದರೆ ಬಹುಪಾಲು ಮದರಾಸಿಗೇ ರೈಲು ಹತ್ತಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಅದಕ್ಕೇ ದೊಡ್ಡ ಸುದ್ದಿ. ಈಗ ಅದೇ ಕೆಲಸಕ್ಕೆ ಮಂಚದ ಪಕ್ಕದ ಮೇಜು ಸಾಕು ಎನ್ನುತ್ತಾರೆ. ಸುಳ್ಳಲ್ಲ. 1982ರ ಜನವರಿಯಲ್ಲಿ ಅಮೆರಿಕದ ಹೆಸರಾಂತ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರಲ್ಲಿ ಕೂತು, ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಹಿಡಿಯುವ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ ಮತ್ತು ಎರಡು ಶೂರ್ ಎಸ್‌ಎಂ57 ಮೈಕು ಇಟ್ಟುಕೊಂಡು ಹಾಡಿದ. ಬರೀ ನಮೂನೆಗೆ ಮಾಡಿಕೊಂಡದ್ದು. ಆಮೇಲೆ ತಂಡದ ಜೊತೆ ದೊಡ್ಡ ಸ್ಟುಡಿಯೋದಲ್ಲಿ ಹಾಡಿ ನೋಡಿದರೆ ಆ ಗುಣವೇ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟಿನಲ್ಲಿದ್ದದ್ದನ್ನೇ 'ನೆಬ್ರಾಸ್ಕಾ' ಎಂಬ ಆಲ್ಬಂ ಮಾಡಿ ಹೊರತಂದರು.

ಎಚ್ಚರಿಕೆ: ಈ ಕಥೆಯನ್ನು ಮನೆಯಲ್ಲಿ ಹೇಳಬೇಡಿ. "ಅಂಥವನಿಗೇ ಎರಡು ಮೈಕು ಸಾಕಾಯ್ತಾ? ನಿಮಗ್ಯಾಕೆ ಮೂರು?" ಎಂಬ ಪ್ರಶ್ನೆ ಬರುತ್ತದೆ.

ಇನ್ನೊಂದು ಎಚ್ಚರಿಕೆ, ಆರೋಗ್ಯದ್ದು. ಉಪಕರಣದ ಮೇಲೆ ಉಪಕರಣ ಕೊಳ್ಳುವ ಚಟಕ್ಕೆ ಇಂಗ್ಲಿಷ್ ಬಲ್ಲ ವಾದ್ಯಗಾರರು ಒಂದು ಹೆಸರಿಟ್ಟಿದ್ದಾರೆ. ಅದರ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ 'ಗ್ಯಾಸ್' ಎಂದಾಗುತ್ತದೆ. ನಮ್ಮಲ್ಲಿ ಮನೆಗೊಬ್ಬರಿಗಾದರೂ ಗ್ಯಾಸ್ ಇರುವುದರಿಂದ ಯಾರೂ ಗಾಬರಿಯಾಗುವುದಿಲ್ಲ. ಲಕ್ಷಣ ಹೀಗಿದೆ: ರಾತ್ರಿ ಹನ್ನೊಂದೂವರೆಗೆ ಎರಡು ದುಬಾರಿ ಮೈಕುಗಳನ್ನು ಹೋಲಿಸುವ ವೀಡಿಯೋವನ್ನು ಲ್ಯಾಪ್‌ಟಾಪಿನ ಎರಡು ಇಂಚಿನ ಸ್ಪೀಕರಿನಲ್ಲಿ ಕೇಳುತ್ತ, ವ್ಯತ್ಯಾಸ ಗೊತ್ತಾಗುತ್ತಿದೆ ಎಂದು ತಲೆದೂಗುವುದು. ಜೀರಿಗೆ ಕಷಾಯಕ್ಕೆ ಇಳಿಯುವುದಿಲ್ಲ.

ಹೆಜ್ಜೆ 2: ಕಂಪ್ಯೂಟರ್ ಆರಿಸಿ

ಆರಿಸಬೇಡಿ. ಇರುವುದೇ ಸಾಕು. 24 ಬಿಟ್, 48 ಕಿಲೋಹರ್ಟ್ಸ್ ಲೆಕ್ಕದಲ್ಲಿ ಎರಡು ಮೈಕಿನ ದನಿ ಹರಿಯಲು ಸೆಕೆಂಡಿಗೆ 2.3 ಮೆಗಾಬಿಟ್ ದಾರಿ ಬೇಕು. ಹಳೆಯ ಯುಎಸ್‌ಬಿ 2.0 ತೂತಿನ ಅಗಲ 480. ಹಾಸನದ ಹೆದ್ದಾರಿಯಲ್ಲಿ ಒಂದು ಸೈಕಲ್ ಹೋದ ಹಾಗೆ. ಒಂದು ಮೈಕಿನ ಒಂದು ನಿಮಿಷದ ಹಾಡಿಗೆ 9 ಎಂಬಿಯೂ ಹಿಡಿಯುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ಗೊರಗೊರ ಅನ್ನುತ್ತಿದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅಷ್ಟೇ. ಲ್ಯಾಪ್‌ಟಾಪಿನ ಫ್ಯಾನು ಕೂಗುತ್ತದಲ್ಲ ಅನ್ನುವವರಿಗೆ: ಅದನ್ನು ಮೈಕಿನಿಂದ ದೂರ ಇಡಿ. ದೂರ ಇಡುವುದಕ್ಕೆ ದುಡ್ಡಿಲ್ಲ.

ಹೆಜ್ಜೆ 3: ಮೈಕು ಆರಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಶನಿವಾರ ಮಧ್ಯಾಹ್ನ ಹೋಗಬೇಡಿ. ನಾನು ಶನಿವಾರ ಮಧ್ಯಾಹ್ನ ಹೋದೆ. ಅಂಗಡಿಯವನು ನನ್ನ ಮುಖ ನೋಡಿ, "ಯೂಟ್ಯೂಬ್ ಚಾನೆಲ್ಲಾ ಸಾರ್?" ಅಂದ. ಅಲ್ಲಪ್ಪ, ದೊಡ್ಡಮ್ಮ ಹಾಡ್ತಾರೆ ಅಂದೆ. "ಹಾಗಾದ್ರೆ ಫುಲ್ ಸ್ಟುಡಿಯೋ ಕಿಟ್ಟೇ ತಗೊಂಡ್ಬಿಡಿ" ಎಂದು ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. ಚಿನ್ನದ ಬಣ್ಣದ ಜಾಲರಿಯ ಕಂಡೆನ್ಸರ್ ಮೈಕು, ಮೇಜು ಕಚ್ಚಿ ನಿಲ್ಲುವ ಮಡಿಸುವ ತೋಳು, ಸ್ಪಂಜಿನ ಕುಲಾವಿ, ಮೈಕು ಮಲಗಿಸುವ ರಬ್ಬರಿನ ತೊಟ್ಟಿಲು, ಮೇಲೊಂದು ಕೇಬಲ್ಲು. ಸಾವಿರದ ಆರುನೂರು. ನಾಮಕರಣಕ್ಕೆ ಉಡುಗೊರೆ ಕೊಡಬಹುದಾದಷ್ಟು ಮುದ್ದಾಗಿತ್ತು.

ಮನೆಗೆ ತಂದು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದೆ. ದೊಡ್ಡಮ್ಮನ ದನಿ ಪಕ್ಕದ ಬೀದಿಯಿಂದ ಕೇಳಿದ ಹಾಗಿತ್ತು. ಅದರ ಮೇಲೆ ಜಿಂಕ್ ಶೀಟಿಗೆ ಮಳೆ ಹೊಯ್ದಂತೆ ಸುಯ್ಯೆಂಬ ಸದ್ದು. ಕಾರಣ ತಿಳಿದದ್ದು ಆಮೇಲೆ. ಕಂಡೆನ್ಸರ್ ಮೈಕಿಗೆ ಹೊರಗಿನಿಂದ ಕರೆಂಟು ಬೇಕು, ಸಾಮಾನ್ಯವಾಗಿ 48 ವೋಲ್ಟ್. ದನಿ ಬರುವ ತಂತಿಯಲ್ಲೇ ಎದುರುದಿಕ್ಕಿನಲ್ಲಿ ಕಾಣದ ಹಾಗೆ ಹೋಗುತ್ತದೆಂದು ಅದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ದೆವ್ವದ ಕರೆಂಟು. ನಲವತ್ತೆಂಟೇ ಯಾಕೆ ಎಂದರೆ, 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ಇಂಥ ಮೈಕನ್ನು ನಾರ್ವೆಯ ರೇಡಿಯೋಗೆ ಮಾಡಿಕೊಟ್ಟಾಗ, ಅಲ್ಲಿನ ಚಳಿಗಾಲದ ಕತ್ತಲೆಗೆಂದು ಸ್ಟುಡಿಯೋಗಳಲ್ಲಿ 48 ವೋಲ್ಟಿನ ದೀಪದ ಲೈನು ಮೊದಲೇ ಇತ್ತು. ಇರುವುದನ್ನೇ ಬಳಸಿದರು, ಲೋಕವೆಲ್ಲ ಅದನ್ನೇ ಪಾಲಿಸಿತು. ನನ್ನ ಲ್ಯಾಪ್‌ಟಾಪಿನ ತೂತಿನಲ್ಲಿ ಬರುವುದು ಎರಡೋ ಮೂರೋ ವೋಲ್ಟು. ಗಾಡಿಗೆ ಎತ್ತಿನ ಬದಲು ಕೋಳಿ ಕಟ್ಟಿದ್ದೆ.

ಹಾಗಾಗಿ ಮೊದಲ ಸೂತ್ರ: ಹೆಡ್‌ಫೋನಿನಂಥ ಸಣ್ಣ ಪಿನ್ನಿನಲ್ಲಿ ಮುಗಿಯುವ 'ಸ್ಟುಡಿಯೋ' ಮೈಕನ್ನು ಕೊಳ್ಳಬೇಡಿ, ಅದರ ಕುಲಾವಿ ಎಷ್ಟೇ ಚಂದವಿದ್ದರೂ.

ಇನ್ನು ಬಗೆಗಳು ಎರಡು. ಡೈನಾಮಿಕ್ ಮೈಕು ಕಿವಿ ಮಂದವಾದ ಪಟೇಲರ ಹಾಗೆ. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದ್ದಷ್ಟೇ ಕೇಳುತ್ತದೆ. ಕಂಡೆನ್ಸರ್ ಮೈಕು ಬೀಗಿತ್ತಿಯ ಹಾಗೆ. ನೀವು ಹೇಳಿದ್ದೂ ಕೇಳುತ್ತದೆ, ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದೂ ಕೇಳುತ್ತದೆ, ಎರಡನ್ನೂ ಮರೆಯುವುದಿಲ್ಲ. ಸದ್ದುಗದ್ದಲದ ಮನೆಗೆ ಡೈನಾಮಿಕ್ಕೇ ಸರಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಶೂರ್ ಎಸ್‌ಎಂ58 ಎಂಬ, ಐಸ್‌ಕ್ರೀಂ ಕೋನಿನಂಥ ಮೈಕು ಬಂದದ್ದೂ ಅದೇ 1966ರಲ್ಲಿ. ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಬಿದ್ದು ಎದ್ದು ಇಂದಿಗೂ ಬದುಕಿದೆ. ಆರ್ಕೆಸ್ಟ್ರಾ ಬಿಟ್ಟು ಎಲ್‌ಐಸಿ ಏಜೆಂಟ್ ಆದ ಗೆಳೆಯನೊಬ್ಬನ ಹತ್ತಿರ ಇದ್ದ ಹಳೆಯದನ್ನು ಮೂರು ಸಾವಿರಕ್ಕೆ ತಂದೆ. ಬುದ್ಧಿವಂತಿಕೆಯ ಖರೀದಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಾವ ಭಾಷೆಯ ಕೈಪಿಡಿಯಲ್ಲೂ ಇಲ್ಲದ ಒಂದು ಅಂಶ ಇಲ್ಲಿ ಎದುರಾಯಿತು. ಡೈನಾಮಿಕ್ ಮೈಕಿಗೆ ಬಾಯಿ ತೀರಾ ಹತ್ತಿರ ಇರಬೇಕು, ನಾಲ್ಕು ಬೆರಳು ಅಂತರ. ದೊಡ್ಡಮ್ಮ ಮೈಕನ್ನು ತಿರುಗಿಸಿ ನೋಡಿ, "ಇದನ್ನ ಎಷ್ಟು ಜನ ಬಾಯಿಗೆ ಇಟ್ಕೊಂಡಿದ್ರೋ?" ಅಂದರು. ಒರೆಸಿದ್ದೇನೆ ದೊಡ್ಡಮ್ಮ ಅಂದೆ. "ಎಂಜಲು ಒರೆಸಿದ್ರೆ ಹೋಗತ್ತೇನೋ?" ಎಂದು ಒಂದು ಮೊಳ ಹಿಂದೆ ಸರಿದು ಕೂತರು. ದನಿಯ ಲೆಕ್ಕ ನಿಷ್ಠುರವಾದದ್ದು: ಬಾಯಿಗೂ ಮೈಕಿಗೂ ಇರುವ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕುಸಿಯುತ್ತದೆ. ನಾಲ್ಕು ಬೆರಳು ಒಂದು ಮೊಳವಾದಾಗ ಉಳಿದದ್ದು ದನಿ ಎತ್ತುವ ಗೇನ್ ಗುಬುಟಿನ ಕೊನೆಯ ಗೆರೆ ಮತ್ತು ಅದರ ಜೊತೆ ಬರುವ ಸುಯ್ಯೆಂಬ ಸದ್ದು.

ಆದ್ದರಿಂದ ಎರಡನೆಯ ಸೂತ್ರ: ಮೈಕು ಆರಿಸುವಾಗ ಹಾಡುವವರ ಮಡಿ ಮೈಲಿಗೆ ವಿಚಾರಿಸಿ. ಮಡಿಯವರಾದರೆ ಕಂಡೆನ್ಸರ್. ಆಡಿಯೋ ಟೆಕ್ನಿಕಾದ ಎಟಿ2020ಯಂಥ, ಅಗ್ಗದವುಗಳಲ್ಲಿ ಮರ್ಯಾದಸ್ಥವಾದ ಹೊಸ ಮೈಕನ್ನು, ಅವರ ಕಣ್ಣೆದುರೇ ಪೆಟ್ಟಿಗೆ ಒಡೆದು ತೆಗೆಯಬೇಕು. ನಾನು ಹಾಗೇ ಮಾಡಿದೆ. ಅದು ಮೂರನೆಯ ಮೈಕು.

ಹೆಜ್ಜೆ 4: ಇಂಟರ್‌ಫೇಸ್ ಜೋಡಿಸಿ

ಇದು ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆ. ಮೈಕಿಗೆ ದೆವ್ವದ ಕರೆಂಟು ಕೊಡುತ್ತದೆ, ಮೈಕಿನ ಕ್ಷೀಣ ದನಿಯನ್ನು ಎತ್ತುತ್ತದೆ, ಅಂಕಿಗಳಾಗಿ ಅರೆದು ಕಂಪ್ಯೂಟರಿಗೆ ಬಡಿಸುತ್ತದೆ. ಅಂಗಡಿಯಲ್ಲಿ ಎಂಟು ತೂತಿನದ್ದನ್ನು ತೋರಿಸಿ "ಮುಂದೆ ಬೇಕಾಗತ್ತೆ ಸಾರ್" ಅನ್ನುತ್ತಾರೆ. ಒಬ್ಬರು ಹಾಡುವ ಮನೆಗೆ ಎರಡು ತೂತು ಸಾಕು. ಒಂದು ದನಿಗೆ, ಒಂದು ವೀಣೆಗೋ ಮೃದಂಗಕ್ಕೋ. 192 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಆ ಅಂಕಿಗೆ ದುಡ್ಡು ಕೊಡಬೇಡಿ. ಮನುಷ್ಯನ ಕಿವಿ 20 ಕಿಲೋಹರ್ಟ್ಸಿಗೆ ಬಾಗಿಲು ಹಾಕುತ್ತದೆ, ನನ್ನ ವಯಸ್ಸಿನವರದ್ದು ಅದಕ್ಕೂ ಬಹಳ ಮುಂಚೆ. ಅಷ್ಟನ್ನು ಹಿಡಿಯಲು ಸಿ.ಡಿ.ಯ 44.1 ಸಾಕಾಗಿತ್ತು. ನೋಡಬೇಕಾದ್ದು ಎರಡೇ: 48 ವೋಲ್ಟಿನ ಗುಂಡಿ ಇದೆಯೇ, 'ಡೈರೆಕ್ಟ್ ಮಾನಿಟರ್' ಎಂಬ ಗುಂಡಿ ಇದೆಯೇ.

ಎರಡನೆಯದು ಯಾಕೆಂದು ನನಗೂ ಗೊತ್ತಿರಲಿಲ್ಲ. ದೊಡ್ಡಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ಹಾಡಿಸಿದೆ. ಎರಡು ಸಾಲು ಹಾಡಿ ನಿಲ್ಲಿಸಿದರು. "ಒಳಗೆ ಯಾರೋ ಕೂತು ನನ್ನನ್ನೇ ಅಣಕಿಸ್ತಿದಾರೆ ಕಣೋ." ಕಂಪ್ಯೂಟರು ದನಿಯನ್ನು ತುಂಡು ತುಂಡಾಗಿ ತಿನ್ನುತ್ತದೆ. ತುತ್ತಿನ ಗಾತ್ರ 1024 ಎಂದಿಟ್ಟಿದ್ದರೆ ಒಂದು ತುತ್ತಿಗೆ 21 ಮಿಲಿಸೆಕೆಂಡು. ಒಳಗೆ ಹೋಗಲೊಂದು, ಹೊರಗೆ ಬರಲೊಂದು, ಒಟ್ಟು 42. ಗಾಳಿಯಲ್ಲಿ ದನಿ ಸೆಕೆಂಡಿಗೆ 343 ಮೀಟರ್ ಓಡುವ ಲೆಕ್ಕ ಹಿಡಿದರೆ, ದೊಡ್ಡಮ್ಮನಿಗೆ ತಮ್ಮ ಹಾಡು ಕೇಳುತ್ತಿದ್ದದ್ದು ಹದಿನಾಲ್ಕು ಮೀಟರ್ ಆಚೆಯ ಎದುರುಮನೆ ಗೇಟಿನಿಂದ. ಅವರು ಆ ದನಿಗೆ ಕಾಯುತ್ತ ನಿಧಾನಿಸುತ್ತಿದ್ದರು, ಅದು ಇನ್ನೂ ನಿಧಾನಿಸುತ್ತಿತ್ತು. ಮದುವಣಗಿತ್ತಿಗೆ ಆರತಿ ಎತ್ತುವ ಹಾಡು ಶವಯಾತ್ರೆಯ ಗತಿಗೆ ಇಳಿಯಿತು. ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ದನಿ ಕಂಪ್ಯೂಟರಿಗೆ ಹೋಗಿ ಬರದೆ ಪೆಟ್ಟಿಗೆಯಿಂದಲೇ ನೇರ ಕಿವಿಗೆ ಬರುತ್ತದೆ. ಒತ್ತಿದೆ. "ಈಗ ಹೋದ ನೋಡು" ಅಂದರು.

ಇನ್ನು ಗುಂಯ್ ಎಂಬ ಸದ್ದು. ಇದರ ಬಗ್ಗೆ ಸಂಗೀತ ಬಲ್ಲವರು ಯೋಚಿಸಬೇಕು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ 50 ಹರ್ಟ್ಸೂ ಅದರ ಮೇಲಿನ ಸ್ವರಗಳೂ ಸದ್ದಾಗಿ ನುಸುಳುತ್ತವೆ. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಅದು ಐದು ಮನೆ ಶ್ರುತಿಗಿಂತ ತುಸು ಮೇಲೆ. ಒಂದು ಮನೆಯನ್ನು ಷಡ್ಜ ಹಿಡಿದು ಹಾಡುವವರಿಗೆ ಇದು ಪಂಚಮ, ಸ್ವಲ್ಪ ಏರಿದ ಪಂಚಮ. ಒಂದು ತಂತಿ ಬಿಗಿಯಾದ ತಂಬೂರಿಯನ್ನು ಮೀಟರಿನ ಬಿಲ್ಲಿನ ಜೊತೆ ಪುಕ್ಕಟೆ ಕೊಟ್ಟಂತೆ. ಅಮೆರಿಕದ ಕನ್ನಡಿಗರ ಪಾಡು ಇನ್ನೂ ಕಷ್ಟ. ಅಲ್ಲಿಯ 60 ಹರ್ಟ್ಸ್ ಆರೂವರೆ ಮನೆಗೂ ಏಳು ಮನೆಗೂ ನಟ್ಟನಡುವೆ ಬೀಳುತ್ತದೆ, ಯಾವ ಶ್ರುತಿಗೂ ಒಗ್ಗುವುದಿಲ್ಲ. ಶ್ರುತಿ ಬೇಕಾದರೆ ಬೆಂಗಳೂರಿನ ರಾಡೆಲ್‌ನವರ ಎಲೆಕ್ಟ್ರಾನಿಕ್ ತಂಬೂರಿ ಇದೆ, ಈ ಗುಂಯ್ ಸದ್ದನ್ನು ಓಡಿಸಿ. ನಮ್ಮಲ್ಲಿ ಗುಂಯ್ ಸದ್ದು ಬರುತ್ತಿದ್ದದ್ದು ಲ್ಯಾಪ್‌ಟಾಪಿನ ಎರಡು ಕಡ್ಡಿಯ ಚಾರ್ಜರಿನಿಂದ. ಕಿತ್ತೆ. ನಿಂತಿತು. ಬ್ಯಾಟರಿ ಇರುವಷ್ಟು ಹೊತ್ತು ಸಂಗೀತ.

ಹೆಜ್ಜೆ 0: ಕೋಣೆ

ಈ ಹೆಜ್ಜೆಯನ್ನು ಮೊದಲೇ ಹೇಳಬೇಕಿತ್ತು. ನನಗೂ ಯಾರೂ ಮೊದಲೇ ಹೇಳಲಿಲ್ಲ. ಇಪ್ಪತ್ತೊಂದು ಸಾವಿರ ಖರ್ಚು ಮಾಡಿ, ಎಲ್ಲ ಜೋಡಿಸಿ, ಒಂದು ನಿಮಿಷ ಯಾರೂ ಹಾಡದೆ ಸುಮ್ಮನೆ ರೆಕಾರ್ಡ್ ಮಾಡಿ ಕೇಳಿದೆ. ಸೀಲಿಂಗ್ ಫ್ಯಾನಿನ ಟಕ್ ಟಕ್, ಫ್ರಿಜ್ಜಿನ ಗೊರಕೆ, ಮೇಲಿನ ಮನೆಯವರು ಬಕೆಟ್ ಎಳೆದದ್ದು, ಗೋಡೆ ಗಡಿಯಾರ, ದೂರದಲ್ಲಿ ಯಾರೋ "ಹಳೇ ಕಬ್ಬಿಣ, ಹಳೇ ಪೇಪರ್" ಅಂದದ್ದು. ಎಲ್ಲಕ್ಕೂ ಮೇಲೆ ಕುಕ್ಕರು. ನಮ್ಮ ಮನೆಯ ಕುಕ್ಕರು ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು. ಎರಡು ಕೂಗಿನ ನಡುವಿನ ವಿರಾಮ ಒಂದು ಪಲ್ಲವಿಗೆ ಸಾಕು, ಚರಣಕ್ಕೆ ಸಾಲದು.

ಸದ್ದು ತಡೆಯಲು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಎಂದು ಕಂಡವರೆಲ್ಲ ಹೇಳಿದರು. ನಂಬಬೇಡಿ, ಆದರೆ ಮೊದಲು ನಾನು ನಂಬಿದ ಕಥೆ ಕೇಳಿ. ಮೊಟ್ಟೆ ತಾರದ ಮನೆಗೆ ಬೇಕರಿಯಿಂದ ಮೂರು ಡಜನ್ ಖಾಲಿ ಟ್ರೇ ತಂದೆ. ಗೋಡೆಗೆ ಅಂಟಿಸುವಾಗ ದೊಡ್ಡಮ್ಮ ಬಂದರು.

"ಏನೋ ಅದು?"

"ಆಪಲ್ ಬರತ್ತಲ್ಲ ದೊಡ್ಡಮ್ಮ, ಅದರ ಟ್ರೇ."

ಒಂದು ಕಣ್ಣಿಗೆ ಇನ್ನೂ ಹಸಿರು ಪಟ್ಟಿ ಇತ್ತು. ಇನ್ನೊಂದು ಕಣ್ಣಿನಲ್ಲಿ ಹತ್ತಿರ ಬಂದು ನೋಡಿದರು. "ಆಪಲ್ ಇಷ್ಟು ಸಣ್ಣಕೆ ಇರತ್ತೇನೋ?"

ಸಂಜೆಯೊಳಗೆ ಎಲ್ಲ ಕಿತ್ತು ಹಳೇ ಪೇಪರಿನವನಿಗೆ ಹೋಯಿತು. ನಷ್ಟವೇನೂ ಆಗಲಿಲ್ಲ. ಮೊಟ್ಟೆ ಟ್ರೇ ಬರೀ ತೆಳು ರಟ್ಟು. ಹೊರಗಿನ ಸದ್ದು ತಡೆಯಲು ಬೇಕಾದದ್ದು ತೂಕ, ಇಟ್ಟಿಗೆ ಗೋಡೆಯ ತೂಕ. ಒಳಗಿನ ಮಾರ್ದನಿ ಹೀರಲು ಬೇಕಾದದ್ದು ದಪ್ಪ. 100 ಹರ್ಟ್ಸಿನ ದನಿಯ ಒಂದು ಅಲೆ 3.4 ಮೀಟರ್ ಉದ್ದ, ಅಂದರೆ ನಮ್ಮ ಕೋಣೆಯಷ್ಟು. ಎರಡಿಂಚು ರಟ್ಟಿನ ಗುಣಿಗಳನ್ನು ಅದು ಮೂಸಿಯೂ ನೋಡುವುದಿಲ್ಲ. ಮೇಲಾಗಿ ರಟ್ಟಿಗೆ ಬೆಂಕಿ ಹತ್ತಿದರೆ ಕಥೆ ಮುಗಿಯಿತು.

ಕೆಲಸ ಮಾಡಿದ್ದು ಕಂಬಳಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರೀ ಕಂಬಳಿ, ಒರಟು, ದಪ್ಪ, ಮುಟ್ಟಿದರೆ ಕೈ ತುರಿಸುವಂಥದ್ದು. ಎರಡು ಕೊಂಡು ಬಟ್ಟೆ ಒಣಹಾಕುವ ಹಗ್ಗಕ್ಕೆ ಇಳಿಬಿಟ್ಟೆ. ಎಲ್ಲಿ ಇಳಿಬಿಡಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಎಲ್ಲರೂ ಮೈಕಿನ ಹಿಂದೆ ಹಾಕುತ್ತಾರೆ. ಈ ಮೈಕುಗಳು ಮುಂದಿನಿಂದ ಬಂದದ್ದನ್ನು ಕೇಳುತ್ತವೆ, ಬೆನ್ನಿನ ಕಡೆಯದನ್ನು ಅಷ್ಟಾಗಿ ಕೇಳುವುದಿಲ್ಲ. ಮೈಕಿನ ಮುಂದೆ ಇರುವುದು ಹಾಡುವವರು ಮತ್ತು ಅವರ ಬೆನ್ನ ಹಿಂದಿನ ಗೋಡೆ. ಗೋಡೆಗೆ ಬಡಿದ ದನಿ ವಾಪಸು ಬರುವುದು ಅಲ್ಲಿಂದ. ಹಾಗಾಗಿ ಕಂಬಳಿ ಹಾಡುವವರ ಬೆನ್ನಿಗೆ. ಎದುರಿಗೆ ಬೀರುವಿನ ಬಾಗಿಲು ತೆಗೆದಿಡಿ. ಅಡ್ಡಡ್ಡ ಮಡಿಸಿಟ್ಟ ರೇಷ್ಮೆ ಸೀರೆಗಳು ಒಳ್ಳೆಯ ಕೇಳುಗರು. ನುಸಿಗುಳಿಗೆಯನ್ನು ಹಿಂದಿನ ದಿನವೇ ತೆಗೆದಿಡಬೇಕು. ಇಲ್ಲದಿದ್ದರೆ ಹಾಡಿನ ನಡುವೆ ಸೀನು.

ಉಳಿದ ಸದ್ದುಗಳಿಗೆ ಕಂಬಳಿಯಲ್ಲಿ ಮದ್ದಿಲ್ಲ, ಪಂಚಾಂಗದಲ್ಲಿದೆ. ಒಂದು ವಾರ ಕೂತು ಬರೆದೆ. 5:10ಕ್ಕೆ ದೇವಸ್ಥಾನದ ಮೈಕ್‌ಸೆಟ್ಟು. 6:45ಕ್ಕೆ ಕಸದ ಗಾಡಿ, ಹಾಡಿನ ಸಮೇತ. 7ರಿಂದ 8:30 ಬೀದಿಯ ಎಲ್ಲ ಕುಕ್ಕರುಗಳು. 9ರಿಂದ ಪಕ್ಕದ ಸೈಟಿನಲ್ಲಿ ಕಾಂಕ್ರೀಟ್. ಮಧ್ಯಾಹ್ನ ಕೋಗಿಲೆ, ಕವಿಗಳಿಗೆ ಅದು ಒಂದು ಸಲ ಕೂಗುತ್ತದೆ, ರೆಕಾರ್ಡ್ ಮಾಡುವವರಿಗೆ ನಿಲ್ಲಿಸುವುದೇ ಇಲ್ಲ. ಸಂಜೆ ಮಕ್ಕಳು, ರಾತ್ರಿ ಟಿವಿ, ನಡುರಾತ್ರಿ ನಾಯಿ. ಇಡೀ ದಿನದಲ್ಲಿ ನಮ್ಮ ಬೀದಿ ಬಾಯಿ ಮುಚ್ಚುವುದು ಬೆಳಗಿನ ಜಾವ 4:05ರಿಂದ 4:55ರವರೆಗೆ. ಹೀಗೆಂದು ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ತೊದಲುತ್ತಿದ್ದೆ. "ನಾಲ್ಕಕ್ಕೆ ನಾನೇನು ಮಲಗಿರ್ತೀನೇನೋ?" ಅಂದರು.

ಹೆಜ್ಜೆ 5: ಸಾಫ್ಟ್‌ವೇರ್

ಒಂದು ದನಿ ಹಿಡಿದಿಡಲು ಆಡಾಸಿಟಿ ಸಾಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂತು, ಪುಕ್ಕಟೆ. ಹೆಚ್ಚು ಟ್ರ್ಯಾಕು ಬೇಕಾದವರಿಗೆ ರೀಪರ್ ಇದೆ, ಮಾಡಿದಾತ ನಮ್ಮ ಕಾಲೇಜು ದಿನಗಳ ವಿನ್‌ಆಂಪ್ ಮಾಡಿದವನೇ. 60 ದಿನ ಪುಕ್ಕಟೆ, ಆಮೇಲೆ 60 ಡಾಲರ್. ಕೊಡದಿದ್ದರೆ ಜಗಳವಾಡುವುದಿಲ್ಲ, ತೆರೆದಾಗಲೆಲ್ಲ ಒಂದು ಮಾತು ನೆನಪಿಸುತ್ತದೆ, ಕೈಗಡ ಕೊಟ್ಟ ಸಭ್ಯ ನೆಂಟನ ಹಾಗೆ. ಕದ್ದ ಸಾಫ್ಟ್‌ವೇರು ಬೇಡ. ವೈರಸ್ಸಿಗೆ ಹಾಡಿನ ಮೇಲೆ ಗೌರವವಿಲ್ಲ.

ತೆರೆದ ತಕ್ಷಣ ಇಂಥ ಎಷ್ಟೋ ಸಾಫ್ಟ್‌ವೇರು ನಿಮಿಷಕ್ಕೆ 120 ಪೆಟ್ಟು, ನಾಲ್ಕರ ತಾಳ ಎಂದು ತಾನೇ ನಿರ್ಧರಿಸಿ ಟಿಕ್ ಟಿಕ್ ಅನ್ನತೊಡಗುತ್ತದೆ. ಛಾಪು ತಾಳದವರು ಏಳಕ್ಕೋ ಐದಕ್ಕೋ ಬದಲಿಸಿಕೊಳ್ಳಬಹುದು. ಹಸೆಮಣೆಯ ಮುಂದಿನ ಹಾಡಿಗೆ ಅದನ್ನು ಆರಿಸಿಬಿಡಿ. ಅಲ್ಲಿ ತಾಳ ನಡೆಯುವುದು ಮದುಮಗಳು ತಲೆ ಎತ್ತುವವರೆಗೆ ಕಾದು.

ಇನ್ನು ಶ್ರುತಿ ತಿದ್ದುವ ಸಾಫ್ಟ್‌ವೇರು. 1997ರಲ್ಲಿ ಆಟೋ-ಟ್ಯೂನ್ ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಭೂಮಿಗೆ ಸದ್ದು ಕಳಿಸಿ ಎಣ್ಣೆ ಹುಡುಕುವ ಲೆಕ್ಕ ಹಾಕುತ್ತಿದ್ದವನು. ನೆಲದಡಿ ಎಣ್ಣೆ ಹುಡುಕುವ ಗಣಿತ ಗಂಟಲಿನಲ್ಲಿ ಸ್ವರ ಹುಡುಕಿತು. ಅದರ ನಂಬಿಕೆ ಏನೆಂದರೆ ಸ್ವರ ಎಂಬುದು ಮೆಟ್ಟಿಲಿನ ಮೇಲೆ ನಿಂತಿರಬೇಕು. ನಮ್ಮ ತೋಡಿಯ ಗಾಂಧಾರ ನಿಲ್ಲುವುದೇ ಇಲ್ಲ, ಋಷಭ ಮಧ್ಯಮಗಳ ನಡುವೆ ಜೋಕಾಲಿ ಆಡುತ್ತಿರುತ್ತದೆ. ಬಿಗಿ ಮಾಡಿಟ್ಟರೆ ಅದನ್ನು ಹಿಡಿದು ನಿಲ್ಲಿಸಿ ಮೊಳೆ ಹೊಡೆಯುತ್ತದೆ. ಕುತೂಹಲಕ್ಕೆ ಇಂಥದೇ ಪುಕ್ಕಟೆ ಪ್ಲಗಿನ್ ಒಂದನ್ನು ದೊಡ್ಡಮ್ಮನ ಬೀಗರ ಹಾಡಿಗೆ ಹಾಕಿದೆ. ಬೀಗರನ್ನು ಬೈಯುವ ಹಾಡು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಾಯಿತು. ಹೆಂಡತಿ ಹೇಳಿದ್ದು: "ಹಾಡೋರು ಸರಿಯಾಗೇ ಇದಾರೆ, ನಿಮ್ಮ ನೆಲವೇ ಡೊಂಕು."

ತೊಂದರೆ ನಿವಾರಣೆ

ತೊಂದರೆ: 'ಪಾರ್ವತಿ' ಎಂದರೆ ಡಬ್ ಎಂದು ಗುಂಡು ಹಾರಿದಂತೆ ಕೇಳುತ್ತದೆ.
ಪರಿಹಾರ: ಪ, ಬ ಅನ್ನುವಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಗುದ್ದುತ್ತದೆ; ಮೈಕಿನ ಮುಂದೆ ಕನ್ನಡದ ಅಲ್ಪಪ್ರಾಣಗಳೆಲ್ಲ ಮಹಾಪ್ರಾಣವಾಗುತ್ತವೆ. ಕಸೂತಿ ಹಾಕುವ ಬಳೆಗೆ ಹಳೆಯ ನೈಲಾನ್ ಕಾಲುಚೀಲ ಬಿಗಿದು ನಡುವೆ ಹಿಡಿಯಿರಿ. ಅದು ಹೊಸ ಕಾಲುಚೀಲ ಎಂದು ಹೇಳಿ. ಇಲ್ಲವೇ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ.

ತೊಂದರೆ: ಏರುದನಿಯಲ್ಲಿ ಹಾಡು ಒಡೆದು ಚರಚರ ಅನ್ನುತ್ತದೆ.
ಪರಿಹಾರ: ಗೇನ್ ಇಳಿಸಿ. 24 ಬಿಟ್ಟಿನಲ್ಲಿ ಮೇಲೆ ಹನ್ನೆರಡು ಡೆಸಿಬೆಲ್ ಜಾಗ ಖಾಲಿ ಬಿಟ್ಟರೆ ಏನೂ ನಷ್ಟವಿಲ್ಲ. ಹಾಲಿನ ಪಾತ್ರೆಯನ್ನು ಯಾರೂ ಕಂಠದವರೆಗೆ ತುಂಬಿಸಿ ಕಾಯಿಸುವುದಿಲ್ಲ.

ತೊಂದರೆ: ಎಲ್ಲ ಸರಿಯಿದೆ, ಹಾಡುವವರಿಗೆ ಮೈಕು ಕಂಡರೆ ದನಿ ಹೊರಡುತ್ತಿಲ್ಲ.
ಪರಿಹಾರ: ಅವರೆಕಾಯಿ ಸುಲಿಯಲು ಕೊಡಿ. ಸಿಪ್ಪೆಯ ಚಟಪಟ ರೆಕಾರ್ಡ್ ಆಗುತ್ತದೆ. ಆಗಲಿ.

ತೊಂದರೆ: ಹೆಂಡತಿ ಬಿಲ್ಲುಗಳನ್ನು ಕೂಡಿಸುತ್ತಿದ್ದಾಳೆ.
ಪರಿಹಾರ: ಈ ಮಾದರಿಯಲ್ಲಿ ಲಭ್ಯವಿಲ್ಲ.

ಕೊನೆಯ ಹೆಜ್ಜೆ: ಹಾಡಿಸಿ, ಕತ್ತರಿಸಿ

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲ್ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಗೌಹರ್ ಜಾನ್ ಅವರನ್ನು ಹಾಡಿಸಿದ. ಮೈಕೇ ಇಲ್ಲ, ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಗೋಡೆಯಿಂದ ಚಾಚಿದ ತಗಡಿನ ಕೊಳವೆಯೊಳಗೆ ಮುಖವಿಟ್ಟು, ಮೂರೇ ನಿಮಿಷದಲ್ಲಿ ಹಾಡು ಮುಗಿಸಬೇಕು. ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು. ಹೆಸರು ಉಳಿಯಿತು. ಆಕೆ ಕೊನೆಗಾಲದಲ್ಲಿ, 1928ರಲ್ಲಿ, ಮೈಸೂರು ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡಿನ ತುದಿಯಲ್ಲಿ ಹೆಸರು ಹೇಳುವ ಆ ಎರಡು ಸೆಕೆಂಡು ಈಗಲೂ ತಟ್ಟೆಯಲ್ಲಿದೆ.

ನಮ್ಮದು ಹನ್ನೊಂದು ಬೆಳಗಿನ ಜಾವ, ಮೂವತ್ತೊಂದು ಹಾಡು. ಫ್ಯಾನು ಆರಿಸಿ, ಫ್ರಿಜ್ಜಿನ ಸ್ವಿಚ್ ಆರಿಸಿ, ಗಡಿಯಾರ ಇಳಿಸಿ, ಬೀರು ತೆರೆದು, ಚಾರ್ಜರ್ ಕಿತ್ತು, ಕಂಬಳಿಗೆ ಬೆನ್ನು ಕೊಟ್ಟು ದೊಡ್ಡಮ್ಮ ಕೂರುತ್ತಿದ್ದರು. ಉಳಿದ ಹಾಡುಗಳಿಗೆ ಇನ್ನೊಂದು ಕಣ್ಣಿನ ಪೊರೆ ಬೆಳೆಯುತ್ತಿದೆ. (ಫ್ರಿಜ್ಜಿನ ಸ್ವಿಚ್ ಮರಳಿ ಹಾಕುವುದನ್ನು ಮರೆಯಬೇಡಿ. ಎರಡು ಲೀಟರ್ ಹಾಲು, ಒಂದು ಡಬ್ಬಿ ದೋಸೆ ಹಿಟ್ಟು.)

ಕೊನೆಯ ದಿನದ ಕೊನೆಯ ಹಾಡು ಬೀಗಿತ್ತಿಯ ಮೂಗನ್ನು ಕುರಿತದ್ದು, 3 ನಿಮಿಷ 40 ಸೆಕೆಂಡು. ಗುಂಯ್ ಇಲ್ಲ, ಸುಯ್ ಇಲ್ಲ, ಒಂದು ಸ್ವರವೂ ಒಡೆದಿಲ್ಲ. ಹಾಡು ಮುಗಿದು, ಒಂದು ಉಸಿರು ಕಳೆದು, ಅದೇ ಶ್ರುತಿಯಲ್ಲಿ: "ಸಾಕೇನೋ? ಬಾಗಿಲಲ್ಲಿ ಹಾಲು ಬಂತು ನೋಡು, ನಾಯಿ ಬಾಯಿ ಹಾಕೀತು."

ಇದನ್ನು ತೆಗೆಯುವ ವಿಧಾನ: ಆಡಾಸಿಟಿಯಲ್ಲಿ ಕೊನೆಯ ನಾಲ್ಕು ಸೆಕೆಂಡನ್ನು ಮೌಸಿನಿಂದ ಎಳೆದು ಆರಿಸಿ, ಡಿಲೀಟ್ ಗುಂಡಿ ಒತ್ತಿ. ಈ ಹೆಜ್ಜೆಯನ್ನು ನಾನು ಇನ್ನೂ ಪರೀಕ್ಷಿಸಿ ನೋಡಿಲ್ಲ.